ಪೀಟ್ ಬಾಗ್ ಮತ್ತು ಅದರ ಮೇಲಿನ ಗುಂಪು ನಡಿಗೆ

ಓದಿಗೋ ಕೆಲಸಕ್ಕೋ ಬ್ರಿಟನ್, ಐರ್ಲೆಂಡ್, ಎಸ್ಟೋನಿಯಾಗಳಿಗೆ ಹೋದ ಬೆಂಗಳೂರಿನವರು ಅಲ್ಲಿನ ವಾರಾಂತ್ಯದ ನಡಿಗೆಯ ತಂಡಗಳನ್ನು ಸೇರಿದಾಗ ‘ಬಾಗ್ ವಾಕ್’ ಎಂಬ ಮಾತು ಕಿವಿಗೆ ಬೀಳುತ್ತದೆ. ಅರೆಬರೆ ಕೊಳೆತ ಸಸ್ಯಶೇಷ ಸಾವಿರಾರು ವರ್ಷಗಳಿಂದ ನೀರಿನಲ್ಲಿ ನೆನೆಯುತ್ತ ಪದರಪದರವಾಗಿ ಕೂಡಿಬಂದ ಜೌಗುನೆಲವೇ ಪೀಟ್ ಬಾಗ್. ಅದನ್ನು ಗುಂಪಾಗಿ ದಾಟುವುದೇ ಬಾಗ್ ವಾಕ್. ಸಾವನದುರ್ಗದ ಬಂಡೆ ಹತ್ತಿ ರೂಢಿಯಾದವರಿಗೆ ಇದು ಕೆರೆಯಂಗಳದ ಕೆಸರಿನಂತೆ ತೋರಬಹುದು. ಆದರೆ ಕೆರೆಯ ಹೂಳು ಮಳೆ ಕೊಚ್ಚಿ ತಂದ ಮಣ್ಣು. ಬಾಗ್‌ನ ಪೀಟ್‌ನಲ್ಲಿ ಮಣ್ಣು ಅತ್ಯಲ್ಪ, ಇರುವುದೆಲ್ಲ ಸಸ್ಯಶೇಷ ಮತ್ತು ನೀರು. (ತಾರಸಿ ತೋಟದ ಕೊಕೊಪೀಟ್ ತೆಂಗಿನ ನಾರಿನ ಪುಡಿ. ಪೀಟ್‌ನ ಬದಲಿಗೆ ಬಳಸುವುದರಿಂದ ಆ ಹೆಸರು, ಅಷ್ಟೇ.)

ಈ ನೆಲವನ್ನು ಕಟ್ಟುವುದು ಮುಖ್ಯವಾಗಿ ಸ್ಫ್ಯಾಗ್ನಮ್ ಎಂಬ ಹಾವಸೆ ಸಸ್ಯ. ಅದು ತನ್ನ ಒಣತೂಕದ ಹತ್ತಾರು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು, ಸುತ್ತಲಿನ ನೀರನ್ನು ಆಮ್ಲೀಯವಾಗಿಸಬಲ್ಲದು. ಮೇಲೆ ಚಿಗುರುತ್ತ, ಕೆಳಗೆ ಸಾಯುತ್ತ ಬೆಳೆಯುತ್ತದೆ. ನಮ್ಮಲ್ಲಿ ಉದುರಿದ ಎಲೆ ಒಂದೆರಡು ಮಳೆಗಾಲದಲ್ಲಿ ಗೊಬ್ಬರವಾಗುತ್ತದೆ. ತಂಪು ಹವೆ, ನಿಂತ ನೀರು ಮತ್ತು ಆಮ್ಲಜನಕದ ಕೊರತೆ ಮೂರೂ ಕೂಡಿದ ಬಾಗ್‌ನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಕೆಲಸ ಸಾಗುವುದಿಲ್ಲವಾದ್ದರಿಂದ ಸತ್ತ ಸಸ್ಯ ಭರಣಿಯ ಉಪ್ಪಿನಕಾಯಿಯ ಹಾಗೆ ಕೆಡದೆ ಉಳಿದುಬಿಡುತ್ತದೆ. 1950ರಲ್ಲಿ ಡೆನ್ಮಾರ್ಕ್‌ನಲ್ಲಿ ಪೀಟ್ ಕಡಿಯುವವರಿಗೆ ಸಿಕ್ಕ, ಎರಡು ಸಾವಿರ ವರ್ಷಗಳಿಗೂ ಹಳೆಯದಾದ ‘ಟೊಲುಂಡ್ ಮನುಷ್ಯ’ನ ಶವದ ಗಲ್ಲದ ಮೇಲೆ ಕುರುಚಲು ಗಡ್ಡ ಕೂಡ ಹಾಗೆಯೇ ಇತ್ತು. ಪೀಟ್ ದಪ್ಪವಾಗುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಭೂಪ್ರದೇಶದ ಸುಮಾರು ಶೇ. 3ರಷ್ಟನ್ನು ಮಾತ್ರ ಆವರಿಸಿದ್ದರೂ ಪೀಟ್ ನೆಲಗಳಲ್ಲಿರುವ ಇಂಗಾಲ ಜಗತ್ತಿನ ಕಾಡುಗಳ ಮರಗಿಡಗಳಲ್ಲಿರುವುದಕ್ಕಿಂತ ಹೆಚ್ಚು.

ಇದು ದೂರದೇಶಗಳ ಸಂಗತಿ ಮಾತ್ರವಲ್ಲ. ನೀಲಗಿರಿಯ ಶೋಲಾ ಕಾಡು ಮತ್ತು ಹುಲ್ಲುಗಾವಲುಗಳ ನಡುವಿನ ಕಣಿವೆಗಳಲ್ಲೂ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹಸಂಶೋಧಕರು ಅಲ್ಲಿನ ಪೀಟ್‌ನಲ್ಲಿರುವ ಇಂಗಾಲದ ಐಸೊಟೋಪ್‌ಗಳನ್ನು (ತೂಕದಲ್ಲಿ ಬೇರೆಯಾದ ಇಂಗಾಲದ ಪರಮಾಣುಗಳನ್ನು) ಅಳೆದು, ಒಣ ಕಾಲದಲ್ಲಿ ಒಂದು ಬಗೆಯ ಹುಲ್ಲುಗಳೂ ತೇವದ ಕಾಲದಲ್ಲಿ ಇನ್ನೊಂದು ಬಗೆಯ ಸಸ್ಯಗಳೂ ಮೇಲುಗೈ ಪಡೆದದ್ದನ್ನು ಗುರುತಿಸಿ, ಸುಮಾರು 20,000 ವರ್ಷಗಳ ಹವಾಮಾನದ ಏರಿಳಿತವನ್ನು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಒಂದು ಮಿಲಿಮೀಟರಿಗೆ ಒಂದು ವರ್ಷ ಹಿಡಿಯುವ ನೆಲವನ್ನು ಬೂಟುಗಾಲುಗಳು ಬಲುಬೇಗ ಕಿತ್ತುಹಾಕುತ್ತವೆ. ಗುಂಪು ನಡಿಗೆಯ ಕಟ್ಟುಪಾಡುಗಳು ಹುಟ್ಟಿದ್ದು ಇದರಿಂದಲೇ. ಇಂಗ್ಲೆಂಡಿನಲ್ಲಿ 1965ರಲ್ಲಿ ಆರಂಭವಾದ ಪೆನೈನ್ ವೇ ಹಾದಿಯಲ್ಲಿ ಜನ ಕೆಸರು ತಪ್ಪಿಸಲು ಬದಿಗೆ ಸರಿದಷ್ಟೂ ಕಾಲುದಾರಿ ಅಗಲವಾಗುತ್ತ ಹೋಗಿ, ಕೊನೆಗೆ ಹಳೆಯ ಗಿರಣಿಗಳ ಕಲ್ಲುಚಪ್ಪಡಿಗಳನ್ನು ತಂದು ಹಾಸಬೇಕಾಯಿತು. ಎಸ್ಟೋನಿಯಾದಲ್ಲಿ ಮರದ ಹಲಗೆಯ ಹಾದಿಗಳಿವೆ. ಹಲಗೆಯಿಲ್ಲದೆಡೆ ಭಾರ ಹಂಚುವ ಅಗಲ ಪಾದರಕ್ಷೆ ಕಟ್ಟಿಕೊಂಡು ಹೋಗುತ್ತಾರೆ. ಚಪ್ಪಡಿ ಅಥವಾ ಹಲಗೆ ಇದ್ದಲ್ಲಿ ತಂಡ ಒಂದೇ ಸಾಲಿನಲ್ಲಿ ಸಾಗಬೇಕು, ಫೋಟೊಕ್ಕಾಗಿಯೂ ಕೆಳಗಿಳಿಯಬಾರದು. ಇಲ್ಲದ ಕಡೆ ಮುಂದಾಳು ಕೋಲಿನಿಂದ ಆಳ ನೋಡುತ್ತ ನಡೆಯುತ್ತಾನೆ, ಉಳಿದವರು ಅಂತರವಿಟ್ಟು ಹಿಂಬಾಲಿಸುತ್ತಾರೆ. ಒತ್ತಾಗಿ ಬೆಳೆದ ಹುಲ್ಲಿನ ಗುಪ್ಪೆಗಳ ಮೇಲೆ ಕಾಲಿಡುವುದು ವಾಸಿ. ಕಣ್ಸೆಳೆಯುವ ಎಳೆಹಸಿರಿನ ಸಮತಟ್ಟು ಜಾಗಗಳೇ ನಂಬಿಕೆಗೆ ಅರ್ಹವಲ್ಲದವು, ಏಕೆಂದರೆ ಅಲ್ಲಿ ಹಾವಸೆಯ ಹಾಸಿನಡಿ ಬರೀ ನೀರಿರಬಹುದು. ಯಾರಾದರೂ ಸೊಂಟದವರೆಗೆ ಇಳಿದರೆ ಎಲ್ಲರೂ ಅಲ್ಲಿಗೇ ಧಾವಿಸಬಾರದು: ಸಿಕ್ಕಿಕೊಂಡವರು ಹಿಂದಕ್ಕೆ ಒರಗಿ ಮೈಭಾರ ಹರಡಿಕೊಳ್ಳಬೇಕು, ಗಟ್ಟಿ ನೆಲದಲ್ಲಿ ನಿಂತ ಒಬ್ಬರು ಕೋಲು ಚಾಚಬೇಕು, ಕಾಲನ್ನು ನಿಧಾನವಾಗಿ ಸಡಿಲಿಸಿಕೊಳ್ಳಬೇಕು.