ತಟಸ್ಥ ಅಂದರೆ ‘ಬೇಡ’ ಅಂತಲ್ಲ ಮಕ್ಕಳೇ

ಎಂಯುಎನ್, ಅಂದರೆ ಮಕ್ಕಳು ದೇಶಗಳ ಪ್ರತಿನಿಧಿಗಳಾಗಿ ಆಡುವ ಅಣಕು ವಿಶ್ವಸಂಸ್ಥೆ. ಅಲ್ಲಿ ರೋಲ್ ಕಾಲ್ (ಹಾಜರಿ) ಶುರುವಾಗುತ್ತದೆ. ಮೊದಲ ದೇಶದ ಡೆಲಿಗೇಟ್ ಎದ್ದು ‘ಪ್ರೆಸೆಂಟ್ ಆಂಡ್ ವೋಟಿಂಗ್’ ಅನ್ನುತ್ತಾನೆ. ಎರಡನೆಯವಳೂ ಅದನ್ನೇ ಹೇಳುತ್ತಾಳೆ. ಅಲ್ಲಿಂದಾಚೆಗೆ ಕುರಿಮಂದೆ. ಬರೀ ‘ಪ್ರೆಸೆಂಟ್’ ಅಂದುಬಿಟ್ಟರೆ ತಮ್ಮ ತೂಕ ಎಲ್ಲಿ ಕಡಿಮೆಯಾಗುತ್ತದೋ ಅಂತ ಹೆದರಿಕೆ. ಅದೇ ಸೆಷನ್ನಿನಲ್ಲಿ ಮತದಾನ ಬಂದಾಗ ಇದೇ ಮಕ್ಕಳು ‘ಅಬ್‌ಸ್ಟೇನ್’ (ತಟಸ್ಥ) ಅಂತ ಪ್ಲಕಾರ್ಡ್ ಎತ್ತುತ್ತಾರೆ. ಆಗಲ್ಲಪ್ಪ, ‘ಪ್ರೆಸೆಂಟ್ ಆಂಡ್ ವೋಟಿಂಗ್’ ಅಂದವರು ಹೌದು ಅಥವಾ ಇಲ್ಲ ಅನ್ನಲೇಬೇಕು, ಬೆಳಿಗ್ಗೆ ನೀನೇ ಆ ಬಾಗಿಲು ಹಾಕಿಕೊಂಡಿದ್ದೀಯ ಅಂದರೆ ಮುಖ ಸಣ್ಣದಾಗುತ್ತದೆ.

ಎಂಯುಎನ್‌ಗಳಲ್ಲಿ ಚೇರ್ ಆಗಿ, ಅಂದರೆ ಸಭೆ ನಡೆಸುವವಳಾಗಿ, ಕೂತು ಕೂತು ನನಗೆ ಇದೊಂದು ಹುಣ್ಣಿನ ಹಾಗೆ ಆಗಿದೆ. ಕಾಕಸ್ ಎಂದರೇನು, ಭಾಷಣಕಾರರ ಪಟ್ಟಿ ಹೇಗೆ ತೆರೆಯುವುದು, ಉಳಿದ ಸಮಯವನ್ನು ಯಾರಿಗೆ ಬಿಟ್ಟುಕೊಡುವುದು, ಇದೆಲ್ಲ ನಿಮಗೆ ಗೊತ್ತು, ನಾನು ಹೇಳಲ್ಲ. ಅರ್ಥವಾಗದೆ ಉಳಿದಿರುವುದು ಅಬ್‌ಸ್ಟೇನ್ ಒಂದೇ. ಅದು ಮೆತ್ತಗೆ ಹೇಳಿದ ‘ಬೇಡ’ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತರಬೇತಿ ಕೊಡುವ ಮೇಷ್ಟ್ರುಗಳೂ ಸೇರಿ!

ಅಬ್‌ಸ್ಟೇನ್ ಮಾಡಿದವರು ಲೆಕ್ಕದಿಂದಲೇ ಹೊರಗೆ. ಬಹುಮತ ನೋಡುವಾಗ ಅವರನ್ನು ಎಣಿಸುವುದೇ ಇಲ್ಲ. ಇದು ನನ್ನ ಕಾನೂನಲ್ಲ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ 86ನೇ ನಿಯಮ ಇದನ್ನೇ ಹೇಳುತ್ತದೆ: ‘ಹಾಜರಿದ್ದು ಮತ ಹಾಕಿದವರು’ ಅಂದರೆ ಹೌದು ಅಥವಾ ಇಲ್ಲ ಅಂದವರು ಮಾತ್ರ, ತಟಸ್ಥರಾದವರು ಮತ ಹಾಕಿಲ್ಲ ಅಂತಲೇ ಲೆಕ್ಕ. ನೋಡಿ, ಅಲ್ಲಿ ‘ಪ್ರೆಸೆಂಟ್ ಆಂಡ್ ವೋಟಿಂಗ್’ ಅನ್ನುವುದು ಎಣಿಸುವ ವಿಧಾನ ಅಷ್ಟೇ. ಬೆಳಿಗ್ಗೆ ಎದ್ದು ನಿಂತು ಹಾಗೆ ಘೋಷಿಸುವ ಪದ್ಧತಿ ಅಲ್ಲಿ ಇಲ್ಲ, ಅದು ನಮ್ಮ ಎಂಯುಎನ್‌ಗಳು ಹುಟ್ಟುಹಾಕಿದ್ದು.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಕೇಳುವವರಿಗೆ ನಾನು 1947ರ ನವೆಂಬರ್ 29ರ ಲೆಕ್ಕ ಬರೆದು ತೋರಿಸುತ್ತೇನೆ. ಪ್ಯಾಲೆಸ್ಟೀನ್ ವಿಭಜನೆಯ 181ನೇ ನಿರ್ಣಯ. ಪರ 33, ವಿರುದ್ಧ 13, ತಟಸ್ಥ 10, ಒಂದು ದೇಶ ಗೈರು. ಬೇಕಿದ್ದದ್ದು ಮೂರರಲ್ಲಿ ಎರಡು ಭಾಗ. 33ಕ್ಕೆ 13 ಸೇರಿಸಿದರೆ 46. ಅದರ ಮೂರರಲ್ಲಿ ಎರಡು ಭಾಗ ಅಂದರೆ 31 ಸಾಕು, ಸಿಕ್ಕಿದ್ದು 33, ಪಾಸಾಯಿತು. ಆ ಹತ್ತು ತಟಸ್ಥರನ್ನೂ ಎಣಿಸಿದ್ದರೆ ಒಟ್ಟು 56 ಆಗಿ 38 ಮತ ಬೇಕಾಗುತ್ತಿತ್ತು, ನಿರ್ಣಯ ಬಿದ್ದುಹೋಗುತ್ತಿತ್ತು. ಇನ್ನೂ ಒಂದು ಮಾತು. ಆ ಹತ್ತರಲ್ಲಿ ನಾಲ್ಕೇ ನಾಲ್ಕು ದೇಶ ‘ಇಲ್ಲ’ ಅಂದಿದ್ದರೂ 33ಕ್ಕೆ 17 ಆಗಿ ಬೀಳುತ್ತಿತ್ತು, ಬೇಕಾದರೆ ನೀವೇ ಹಾಕಿ ನೋಡಿ.

ನನ್ನ ಕಣ್ಣೆದುರೇ ಒಬ್ಬ ಹುಡುಗ ಇದರಲ್ಲಿ ಸಿಕ್ಕಿಬಿದ್ದ. ಒಳ್ಳೆಯ ಮಾತುಗಾರ, ಅವನ ಮೇಲೆ ನನಗೆ ಅಕ್ಕರೆಯೂ ಇತ್ತು. 40 ದೇಶಗಳ ಸಮಿತಿ, ಅಲ್ಲಿನ ನಿಯಮದಂತೆ ನಿರ್ಣಯಕ್ಕೆ ಮೂರರಲ್ಲಿ ಎರಡು ಭಾಗ ಬೇಕು. ಪುಣ್ಯಕ್ಕೆ ಅವತ್ತು ಜಾಸ್ತಿ ಜನ ಬರೀ ‘ಪ್ರೆಸೆಂಟ್’ ಅಂದಿದ್ದರು. ನಿರ್ಣಯ ಎದುರು ಗುಂಪಿನದು, ಅವರ ಹತ್ತಿರ 18 ಮತ, ಇವನ ಹತ್ತಿರ 14, ಉಳಿದ ಎಂಟು ದೇಶ ತಟಸ್ಥ. ಇವನು ಸುಮ್ನೆ ಕೂತಿದ್ದರೂ ಗೆಲ್ಲುತ್ತಿದ್ದ, ಯಾಕೆಂದರೆ 32ರಲ್ಲಿ 22 ಬೇಕಿತ್ತು. ಆದರೆ ಅವನ ಕಡೆಯ ಐದು ದೇಶಗಳಿಗೆ ಎದುರು ಗುಂಪಿನ ಜೊತೆ ಸಂಬಂಧ ಕೆಡುತ್ತದೆ ಅಂತ ಭಯ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇವನು ಧಾರಾಳವಾಗಿ ಚೀಟಿ ಕಳಿಸಿದ: ‘ಅಬ್‌ಸ್ಟೇನ್ ಮಾಡಿ ಸಾಕು, ಅದೂ ಬೇಡ ಅಂದ ಹಾಗೇ.’

ಪರ 18, ವಿರುದ್ಧ 9, ತಟಸ್ಥ 13. ಒಟ್ಟು ಚಲಾಯಿಸಿದ್ದು 27, ಅದರ ಮೂರರಲ್ಲಿ ಎರಡು ಭಾಗ ಸರಿಯಾಗಿ 18. ನಿರ್ಣಯ ಪಾಸಾಯಿತು ಅಂದೆ. ಹುಡುಗ ಪಾಯಿಂಟ್ ಆಫ್ ಆರ್ಡರ್ (ಸಭೆಯ ನಿಯಮ ತಪ್ಪಿದೆ ಅನ್ನುವ ಆಕ್ಷೇಪ) ಎತ್ತಿದ. ‘ಮೇಡಂ, 40ರಲ್ಲಿ 18 ಅಂದರೆ ಅರ್ಧವೂ ಇಲ್ಲವಲ್ಲ!’ ಅಂದ. ಮತದಾನ ನಡೆಸುವ ಬಗೆಯ ಮೇಲೆ ಎತ್ತಿದ ಪಾಯಿಂಟ್, ಅಷ್ಟಾದರೂ ಸರಿಯಾಗಿ ಬಳಸಿದ. (ಬೇರೆಯವರು ಎದುರಾಳಿ ಸುಳ್ಳು ಅಂಕಿ ಹೇಳಿದ ಅಂತ ಪಾಯಿಂಟ್ ಆಫ್ ಆರ್ಡರ್ ಎತ್ತುತ್ತಾರೆ. ಅದರ ಕಥೆ ಬೇರೆ ದಿನಕ್ಕಿರಲಿ.) ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಸುಮಾರು ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದ.

ಇಲ್ಲಿ ಸ್ವಲ್ಪ ಎಚ್ಚರಿಕೆ ಹೇಳಲೇಬೇಕು. ಪ್ರತಿ ಎಂಯುಎನ್‌ಗೂ ತನ್ನದೇ ನಿಯಮಪುಸ್ತಕ ಇರುತ್ತದೆ, ಹಲವು ಕಡೆ ಸರಳ ಬಹುಮತವೇ ಸಾಕು. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಸಮಿತಿಗಳಲ್ಲೂ ಅಷ್ಟೇ, ಮೂರರಲ್ಲಿ ಎರಡರ ಮಾತು ಬರುವುದು ಮುಖ್ಯ ವಿಷಯಗಳು ಪೂರ್ಣ ಸಭೆಗೆ ಬಂದಾಗ. ನಿಮ್ಮ ಕೈಯಲ್ಲಿರುವ ಪುಸ್ತಕ ಏನು ಹೇಳುತ್ತದೋ ಅದೇ ಅಂತಿಮ, ನನ್ನ ಅಂಕಣ ತೋರಿಸಿ ಚೇರ್ ಜೊತೆ ಜಗಳಕ್ಕೆ ಹೋಗಬೇಡಿ. ಸಭೆ ಹೇಗೆ ನಡೆಯಬೇಕು ಅನ್ನುವ ಪ್ರೊಸೀಜರಲ್ ಮೋಷನ್‌ಗಳಲ್ಲಂತೂ ಸಾಮಾನ್ಯವಾಗಿ ಅಬ್‌ಸ್ಟೇನ್ ಮಾಡಲು ಬಿಡುವುದೇ ಇಲ್ಲ. ಕಾಕಸ್, ಅಂದರೆ ಬಿಡಿ ಚರ್ಚೆ, ಬೇಕೋ ಬೇಡವೋ ಅಂತ ಕೇಳಿದರೆ ತಟಸ್ಥವಾಗಿರುವುದಕ್ಕೆ ಅಲ್ಲೇನಿದೆ, ಅಲ್ವಾ?

ಭದ್ರತಾ ಮಂಡಳಿ ಆಡುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ 15 ಸದಸ್ಯರು, ಬೇಕಾದ್ದು 9 ‘ಹೌದು’. ಎಷ್ಟು ಜನ ಮತ ಹಾಕಿದರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಅಲ್ಲಿ ತಟಸ್ಥರಾದರೆ ನಿಜವಾಗಿಯೂ ನಿರ್ಣಯಕ್ಕೆ ಪೆಟ್ಟು. 2011ರ ಮಾರ್ಚ್‌ನಲ್ಲಿ ಲಿಬಿಯಾ ಬಗ್ಗೆ 1973ನೇ ನಿರ್ಣಯ ಬಂದಾಗ ಪರ 10, ವಿರುದ್ಧ ಸೊನ್ನೆ, ತಟಸ್ಥ 5. ರಷ್ಯಾ, ಚೀನಾ, ಜರ್ಮನಿ, ಬ್ರೆಜಿಲ್, ಭಾರತ. ಇನ್ನೆರಡು ದೇಶ ತಟಸ್ಥವಾಗಿದ್ದರೆ ಒಂದೂ ವಿರೋಧ ಮತ ಇಲ್ಲದೆಯೇ ಅದು ಬೀಳುತ್ತಿತ್ತು. ಹಾಗೆಯೇ ರಷ್ಯಾ, ಚೀನಾ ತಟಸ್ಥವಾದದ್ದು ವಿಟೊ ಆಗಲಿಲ್ಲ, ಗಮನಿಸಿ. ಕಾಯಂ ಸದಸ್ಯರ ತಟಸ್ಥತೆ ವಿಟೊ ಅಲ್ಲ ಅನ್ನುವ ರೂಢಿಯನ್ನು ಅಂತರರಾಷ್ಟ್ರೀಯ ನ್ಯಾಯಾಲಯ 1971ರಲ್ಲೇ ಒಪ್ಪಿದೆ. ಆದರೂ ಪ್ರತಿ ಸಲ ಯಾರಾದರೂ ಒಬ್ಬ ಚೀನಾ ಡೆಲಿಗೇಟ್ ಅಬ್‌ಸ್ಟೇನ್ ಅಂದು, ನಿರ್ಣಯ ಸತ್ತಿತು ಅಂತ ಫೈಲು ಮುಚ್ಚಿ ಕೂರುತ್ತಾನೆ.

ಆ ಹುಡುಗ ಮುಂದಿನ ವರ್ಷ ಮತ್ತೆ ಬಂದಿದ್ದ. ರೋಲ್ ಕಾಲ್‌ನಲ್ಲಿ ಬರೀ ‘ಪ್ರೆಸೆಂಟ್’ ಅಂದ. ಈ ಸಲ ನಿರ್ಣಯ ಅವನದೇ. ವಿರಾಮದಲ್ಲಿ ನೋಡಿದರೆ ತನ್ನ ಗುಂಪು ಬಿಟ್ಟು ಎದುರಾಳಿಗಳ ಮಧ್ಯೆ ಹೋಗಿ ಕೂತಿದ್ದಾನೆ. ‘ನಮಗೆ ಮತ ಹಾಕಿ ಅಂತ ನಾನು ಕೇಳುತ್ತಲೇ ಇಲ್ಲ,’ ಅನ್ನುತ್ತಿದ್ದ, ‘ಅಬ್‌ಸ್ಟೇನ್ ಮಾಡಿ ಸಾಕು.’