ಸ್ಕಿಪ್ ಒತ್ತುವವರಿಗೂ ಕಥೆ ಬೇಕು

ಆನ್‌ಲೈನ್ ಆಟಕ್ಕೆ ಕಥೆ ಬರೆಯುವ ನಮ್ಮಂಥವರಿಗೆ ಪ್ಲೇಟೆಸ್ಟ್ ದಿನ, ಅಂದರೆ ಹೊರಗಿನವರನ್ನು ಕರೆಸಿ ಆಟ ಆಡಿಸಿ ನೋಡುವ ದಿನ, ಹೊಟ್ಟೆ ಉರಿಯುವ ದಿನ. ವಾರಗಟ್ಟಲೆ ಕೂತು ತಿದ್ದಿದ ಸಂಭಾಷಣೆಯನ್ನು ಆಡಲು ಬಂದ ಹುಡುಗ ಓದುವುದೇ ಇಲ್ಲ. ಬೆರಳು ಸ್ಕಿಪ್ ಬಟನ್ ಬಿಟ್ಟು ಕದಲುವುದಿಲ್ಲ. ‘ಇದನ್ನೆಲ್ಲ ಯಾರ್ ಓದ್ತಾರೆ ಗುರು, ಎಲ್ಲಿಗ್ ಹೋಗ್ಬೇಕು ಅಷ್ಟು ತೋರ್ಸಿದ್ರೆ ಸಾಕು’ ಎಂದು ಪಕ್ಕದವನಿಗೆ ಹೇಳುವುದೂ ನಮ್ಮ ಕಿವಿಗೆ ಬೀಳುತ್ತದೆ. ಅದೇ ಹುಡುಗನನ್ನು ಟೀ ಹೊತ್ತಿಗೆ ಮಾತಿಗೆಳೆದು ನೋಡಿ. ತನ್ನ ಗಿಲ್ಡ್, ಅಂದರೆ ಜೊತೆಗೂಡಿ ಆಡುವ ತಂಡ, ಹೇಗೆ ಒಡೆಯಿತು, ಯಾರು ಯಾರಿಗೆ ಕೈಕೊಟ್ಟರು, ರೇಡ್ ಎಂಬ ಗುಂಪುಕಾಳಗದ ಕೊನೇ ಗಳಿಗೆಯಲ್ಲಿ ಗಾಯ ವಾಸಿಮಾಡುವ ಹೀಲರ್ ಮನೆಯ ಕರೆಂಟು ಹೋಗಿ ಏನೇನಾಯಿತು ಎಂದು ಟೀ ಆರಿಹೋದರೂ ಬಿಡದೆ ಹೇಳುತ್ತಾನೆ.

ಇದನ್ನು ನೋಡಿ ‘ಆಟಗಾರರಿಗೆ ಕಥೆ ಬೇಡ, ಕತ್ತರಿಸಿ’ ಎನ್ನುವ ಪ್ರೊಡ್ಯೂಸರ್‌ಗಳು ಬೆಂಗಳೂರಿನ ಗೇಮ್ ಕಂಪನಿಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಈ ತೀರ್ಮಾನ ಒಪ್ಪಿಗೆಯಿಲ್ಲ. ಆ ಹುಡುಗ ಹಾರಿಸುವುದು ತಾನು ಇಲ್ಲದ ಕಥೆಯನ್ನು. ತಾನು ಇರುವ ಕಥೆಯನ್ನು ಅವನು ಬಾಯಿಪಾಠ ಇಟ್ಟುಕೊಂಡಿದ್ದಾನೆ.

ಆನ್‌ಲೈನ್ ಪಾತ್ರಾಭಿನಯದ ಆಟಗಳ ವಂಶಾವಳಿ ಹಿಡಿದು ಹೋದರೆ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಹುಟ್ಟಿದ ‘ಮಡ್’ ಸಿಗುತ್ತದೆ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ಬಾರ್ಟಲ್ 1996ರ ಒಂದು ಪ್ರಬಂಧದಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆಯ ಹಿಂದೆ ಬಿದ್ದವರು, ಮೂಲೆಮೂಲೆ ಹುಡುಕುವವರು, ಜನರ ಜೊತೆ ಬೆರೆಯಲು ಬರುವವರು, ಇನ್ನೊಬ್ಬರ ತಲೆ ತೆಗೆಯಲು ಬರುವವರು. ಈಗಲೂ ನಮ್ಮ ಮೀಟಿಂಗ್‌ಗಳಲ್ಲಿ ಈ ಪಟ್ಟಿ ಬೋರ್ಡಿನ ಮೇಲೆ ಬರುತ್ತದೆ. ಅದರಲ್ಲಿ ಕಥೆ ಕೇಳಲು ಬಂದು ಕೂತವರ ಬಗೆಯೇ ಇಲ್ಲ. ನಾಲ್ಕೂ ಬಗೆಯವರು ಏನನ್ನೋ ಮಾಡಲು ಬಂದವರು. ಅವರು ಮಾಡಿದ್ದಕ್ಕೆ ಈ ಲೋಕದಲ್ಲಿ ಗುರುತು ಉಳಿಯುತ್ತದೆಯೇ ಎಂಬುದಷ್ಟೇ ಅವರಿಗೆ ಮುಖ್ಯ.

ನಾವು ಬರೆಯುವುದು ಮಾತ್ರ ಇದಕ್ಕೆ ತದ್ವಿರುದ್ಧ. ಬಂದವರಿಗೆಲ್ಲ ಲೋಕೋದ್ಧಾರಕನ ಪಟ್ಟ ಕಟ್ಟುತ್ತೇವೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟದ 2016ರ ‘ಲೀಜನ್’ ಎಂಬ ಎಕ್ಸ್‌ಪಾನ್ಷನ್‌ನಲ್ಲಿ (ಆಟಕ್ಕೆ ಸೇರಿಸುವ ಹೊಸ ಭಾಗದಲ್ಲಿ) ಆಶ್‌ಬ್ರಿಂಗರ್ ಎಂಬ ಏಕಮೇವ ಐತಿಹಾಸಿಕ ಖಡ್ಗವನ್ನು ಒಂದು ಬಗೆಯ ಪ್ಯಾಲಡಿನ್‌ಗಳಿಗೆಲ್ಲ, ಅಂದರೆ ಧರ್ಮಯೋಧನ ಪಾತ್ರ ಆಡುವವರಿಗೆಲ್ಲ, ಕೊಟ್ಟರು. ಪೇಟೆಯ ಅಂಚೆಪೆಟ್ಟಿಗೆ ಮುಂದೆ ಅದೇ ಏಕಮೇವ ಖಡ್ಗ ಹೊತ್ತ ಹತ್ತಾರು ವೀರರು! ಆ ದೃಶ್ಯ ನನಗೆ ಇಷ್ಟವೇ, ನಕ್ಕಿದ್ದೇನೆ ಕೂಡ. ಆದರೆ ‘ನೀನೊಬ್ಬನೇ ಗತಿ’ ಎಂಬ ಮಾತನ್ನು ಅಲ್ಲಿ ಯಾರು ನಂಬುತ್ತಾರೆ?

ಹಾಗಾದರೆ ಆಯ್ಕೆ ಕೊಡಿ, ಆಟಗಾರನೇ ಕಥೆಯ ದಾರಿ ತೀರ್ಮಾನಿಸಲಿ ಎನ್ನುವುದು ಮುಂದಿನ ಸಲಹೆ. ಒಬ್ಬರೇ ಆಡುವ ಆಟದಲ್ಲಿ ಅದು ಸರಿ. ಎಲ್ಲರೂ ಒಂದೇ ಊರಿನಲ್ಲಿ ಓಡಾಡುವಾಗ ನನ್ನ ಆಯ್ಕೆಯಿಂದ ಹಳ್ಳಿ ಸುಟ್ಟುಹೋಗಿ, ನಿಮ್ಮ ಆಯ್ಕೆಯಿಂದ ಉಳಿದಿದ್ದರೆ ನಾವಿಬ್ಬರೂ ನಿಂತಿರುವುದು ಎಲ್ಲಿ? ವಾರ್‌ಕ್ರಾಫ್ಟ್ 2008ರಲ್ಲಿ ಇದಕ್ಕೊಂದು ತಾಂತ್ರಿಕ ಉಪಾಯವನ್ನು ದೊಡ್ಡ ಮಟ್ಟದಲ್ಲಿ ಬಳಸಿತು. ಕ್ವೆಸ್ಟ್, ಅಂದರೆ ಕಥೆಯಲ್ಲಿ ಒಪ್ಪಿಸಿದ ಕೆಲಸ, ಮುಗಿಸಿದವನಿಗೆ ಒಂದು ಊರು, ಮುಗಿಸದವನಿಗೆ ಇನ್ನೊಂದು. ಕಥೆಗೆ ಜೀವ ಬಂತು, ಆದರೆ ಒಟ್ಟಿಗೆ ಆಡಲು ಬಂದ ಗೆಳೆಯರು ಒಂದೇ ಜಾಗದಲ್ಲಿ ನಿಂತು ಒಬ್ಬರಿಗೊಬ್ಬರು ಕಾಣದಂತಾಯಿತು.

ನನ್ನ ಮಟ್ಟಿಗೆ ಈ ಕಸುಬಿನ ದೊಡ್ಡ ಪಾಠ ಇರುವುದು ಇನ್ನೂ ಹಳೆಯ ಆಟವೊಂದರಲ್ಲಿ. 1999ರಲ್ಲಿ ಬಂದ ‘ಆಶರನ್ಸ್ ಕಾಲ್’ ತಿಂಗಳು ತಿಂಗಳೂ ಕಥೆಯನ್ನು ಮುಂದಕ್ಕೆ ಒಯ್ಯುತ್ತಿತ್ತು. ಮೊದಲ ಕಂತುಗಳಲ್ಲಿ ಬೇಲ್‌ಝಾರಾನ್ ಎಂಬ ಖಳ ಬಂಧನದಲ್ಲಿದ್ದ. ಆಟಗಾರರು ಕೆಲವು ಸ್ಫಟಿಕಗಳನ್ನು ಒಡೆಯಬೇಕು, ಅವನು ಬಿಡುಗಡೆಯಾಗಬೇಕು, ಇದು ಬರೆದವರ ಲೆಕ್ಕ. ಸ್ಫಟಿಕ ಕಂಡರೆ ಆಟಗಾರರು ಒಡೆಯದೆ ಬಿಡುತ್ತಾರೆಯೇ? ಒಂದೊಂದು ಸರ್ವರ್‌ನಲ್ಲೂ ಇದೇ ಲೋಕದ ಒಂದೊಂದು ಪ್ರತಿ, ಅದಕ್ಕೆ ಅದರದೇ ಆಟಗಾರರು. ಬೇರೆ ಸರ್ವರ್‌ಗಳಲ್ಲಿ ಒಡೆದರು. ಥಿಸಲ್‌ಡೌನ್ ಎಂಬ ಸರ್ವರ್‌ನಲ್ಲಿ ಮಾತ್ರ ಒಂದು ಗುಂಪು ಕೊನೆಯ ಸ್ಫಟಿಕಕ್ಕೆ ಕಾವಲು ನಿಂತುಬಿಟ್ಟಿತು. ಪಾಳಿ ಹಾಕಿಕೊಂಡು, ಒಡೆಯಲು ಬಂದವರನ್ನೆಲ್ಲ ಹೊಡೆದಟ್ಟಿ ಕಾದರು. ಮುಂದಿನ ಕಂತು ಸಿದ್ಧವಾಗಿದೆ, ಖಳ ಮಾತ್ರ ಬಿಡುಗಡೆಯಾಗುತ್ತಿಲ್ಲ. ಕೊನೆಗೆ ಆಟ ಕಟ್ಟಿದವರೇ ಬಲಾಢ್ಯ ಪಾತ್ರಗಳಾಗಿ ಒಳಗಿಳಿದು ಕಾವಲು ಮುರಿಯಬೇಕಾಯಿತು.

ಇದು ಅನ್ಯಾಯ ಎನ್ನಬಹುದು. ಕಥೆ ಬರೆದಿಟ್ಟ ಕಡೆಗೇ ಹೋಯಿತು, ಆಟಗಾರರ ಆಯ್ಕೆಗೆ ಬೆಲೆ ಸಿಗಲಿಲ್ಲ. ಆದರೆ ಆಮೇಲೆ ಆ ಸರ್ವರ್‌ನಲ್ಲಿ ಮಾತ್ರ ಒಂದು ಸ್ಮಾರಕ ಎದ್ದಿತು, ಕಾವಲು ನಿಂತವರ ನೆನಪಿಗೆ. ಸೋತವರಿಗೆ ಹಾಕಿದ ಆ ವೀರಗಲ್ಲಿನ ಮಾತನ್ನು ಹಳೆಯ ಆಟಗಾರರು ಇವತ್ತಿಗೂ ಎತ್ತುತ್ತಾರೆ. ಕಥೆಯನ್ನು ತಿರುಗಿಸುವ ಅಧಿಕಾರ ಅವರಿಗೆ ಸಿಕ್ಕಿರಲಿಲ್ಲ. ತಾವು ಅಲ್ಲಿದ್ದೆವು ಎಂಬುದಕ್ಕೆ ಆ ಲೋಕದ ಸಾಕ್ಷಿ ಸಿಕ್ಕಿತ್ತು.

ಈ ಸಾಕ್ಷಿ ಕೊಡಲು ದೊಡ್ಡ ಬಜೆಟ್ ಬೇಕಾಗಿಲ್ಲ. ನಮ್ಮ ಆಟದಲ್ಲಿ ದಾರಿಬದಿ ಊಟದ ಮನೆ ಇಟ್ಟುಕೊಂಡ ಒಬ್ಬ ಅಜ್ಜಿ ಇದ್ದಾಳೆ. ಆಟದ ಶುರುವಿನಲ್ಲೇ ಅವಳ ಸತ್ತ ಮಗನ ಉಂಗುರ ಆಟಗಾರನ ಕೈಗೆ ಸಿಗುತ್ತದೆ. ತಂದುಕೊಡಬಹುದು, ಪೇಟೆಯಲ್ಲಿ ಮಾರಿಕೊಳ್ಳಲೂಬಹುದು. ಎಷ್ಟೋ ಲೆವೆಲ್ ದಾಟಿ ಆಟಗಾರ ಅದೇ ದಾರಿಯಲ್ಲಿ ಮರಳಿ ಬಂದಾಗ ಅವಳು ಹೇಳಬೇಕಾದ ಮಾತು, ಮೊದಲ ಕರಡಿನಲ್ಲಿ, ‘ಓ ವೀರನೇ, ಉತ್ತರದಲ್ಲಿ ಕತ್ತಲೆಯ ಪಡೆಗಳು ಮತ್ತೆ ತಲೆಯೆತ್ತಿವೆ’ ಎಂದಿತ್ತು. ಫೋನಿನ ಪರದೆಯಲ್ಲಿ ಮೂರು ಸಾಲು ಹಿಡಿದರೆ ಹೆಚ್ಚು. ಆ ಮೂರು ಸಾಲನ್ನೂ ಕತ್ತಲೆಯ ಪಡೆಗಳೇ ತಿಂದುಹಾಕಿದ್ದವು. ತಿದ್ದಿದ ಮೇಲೆ ಹೀಗಾಯಿತು. ಉಂಗುರ ಕೊಟ್ಟವನಿಗೆ: ‘ಉಂಗುರ ತಂದ್ಕೊಟ್ಟೋನಲ್ವೇನಪ್ಪಾ? ಕೂತ್ಕೋ. ನಿನ್ ಹತ್ರ ದುಡ್ಡು ತಗೊಳಲ್ಲ.’ ಮಾರಿಕೊಂಡವನಿಗೆ: ‘ದುಡ್ಡು ಮೊದ್ಲು ಇಡು.’ ಮಗನ ಮಾತಿಲ್ಲ, ಬೈಗುಳವಿಲ್ಲ. ಊಟದ ಬೆಲೆ ಮಾತ್ರ ದುಪ್ಪಟ್ಟು.

‘ಮೇಡಂ, ಪ್ರತಿ ಎನ್‌ಪಿಸಿಗೂ ಹೀಗೆ ನೆನಪು ಕೊಡ್ತಾ ಹೋದ್ರೆ ಡೇಟಾಬೇಸ್ ಗತಿ ಏನು?’ ಎಂದು ಪ್ರೋಗ್ರಾಮರ್ ಗೊಣಗಿದ್ದು ನ್ಯಾಯವೇ. ಎನ್‌ಪಿಸಿ ಅಂದರೆ ಈ ಅಜ್ಜಿಯಂತೆ ಆಟವೇ ನಡೆಸುವ ಪಾತ್ರ. ಎಲ್ಲರಿಗೂ ಬೇಡ. ಇಲ್ಲಿ ಬೇಕಾಗಿದ್ದು ಒಂದು ಫ್ಲ್ಯಾಗ್ (ಉಂಗುರ ಕೊಟ್ಟನೋ ಇಲ್ಲವೋ ಎಂಬ ಗುರುತು), ಒಂದು ಬೆಲೆಪಟ್ಟಿ ಅಷ್ಟೇ. ಸ್ಕಿಪ್ ಒತ್ತಿಕೊಂಡೇ ಬಂದವರು ಬೆಲೆ ನೋಡಿ ನಿಂತು, ‘ಏನಂದ್ಳು ಇವ್ಳು?’ ಎಂದು ಹಿಂದಿನ ಮಾತನ್ನು ಮತ್ತೆ ತೆರೆದು ಓದುತ್ತಾರೆ.

ಇನ್ನು ಬಿಡಿಸಲಾಗದ ಕಗ್ಗಂಟಿನ ವಿಷಯ. ಹಳಬರಿಗೆ ಲೋಕ ಬದಲಾಗಬೇಕು, ಹೊಸಬರಿಗೆ ಹಳೆಯ ಕಥೆ ಸಿಗಬೇಕು. ಗಿಲ್ಡ್ ವಾರ್ಸ್ 2 ಎಂಬ ಆಟ ತನ್ನ ‘ಲಿವಿಂಗ್ ವರ್ಲ್ಡ್’ ಎಂಬ ಕಂತುಕಥೆಯ ಮೊದಲ ಸೀಸನ್ನನ್ನು 2013–14ರಲ್ಲಿ ಆ ಹೊತ್ತಿಗೆ ಇದ್ದವರಿಗೆ ಮಾತ್ರ ಎಂಬಂತೆ ನಡೆಸಿ, ಲಯನ್ಸ್ ಆರ್ಚ್ ಎಂಬ ಮುಖ್ಯ ನಗರವನ್ನೇ ನೆಲಸಮ ಮಾಡಿತು. ಇದ್ದವರಿಗೆ ರೋಮಾಂಚನ. ತಡವಾಗಿ ಬಂದವರಿಗೆ ಎರಡನೇ ಸೀಸನ್ನಿನ ಪಾತ್ರಗಳು ಯಾರಿಗೆ ಅಳುತ್ತಿವೆ ಎಂಬುದೇ ತಿಳಿಯುತ್ತಿರಲಿಲ್ಲ. ಆ ಸೀಸನ್ ಮತ್ತೆ ಆಡಲು ಸಿಕ್ಕಿದ್ದು 2022ರಲ್ಲಿ. ಫೈನಲ್ ಫ್ಯಾಂಟಸಿ 14 ಎಂಬ ಆಟ ಇದಕ್ಕೆ ಉಲ್ಟಾ: ದುಡ್ಡು ಕೊಟ್ಟು ಕಥೆ ಹಾರಿಸುವವರನ್ನು ಬಿಟ್ಟರೆ, ಮುಖ್ಯ ಕಥೆಯನ್ನು ಮೊದಲಿನಿಂದ ಮುಗಿಸದೆ ಯಾರನ್ನೂ ಮುಂದಕ್ಕೆ ಬಿಡುವುದಿಲ್ಲ. ಆ ದಾರಿ ಎಷ್ಟು ಉದ್ದವಾಯಿತೆಂದರೆ 2020ರಲ್ಲಿ ಮೊದಲ ಭಾಗದ ಕ್ವೆಸ್ಟ್‌ಗಳನ್ನು ಕತ್ತರಿಸಬೇಕಾಯಿತು. ಎರಡರಲ್ಲಿ ನನ್ನ ಓಟು ಎರಡನೆಯದಕ್ಕೆ. ಬೇಸರವಾದರೂ ಮೋಸವಿಲ್ಲ. ಅಷ್ಟಕ್ಕೂ 2010ರಲ್ಲಿ ಬಂದು ಮುಗ್ಗರಿಸಿದ ಆ ಆಟವನ್ನು 2012ರಲ್ಲಿ ಮುಚ್ಚುವಾಗ, ಚಂದ್ರನನ್ನೇ ಬೀಳಿಸಿ ಪ್ರಳಯವಾಗಿ ಬರೆದರು. 2013ರಲ್ಲಿ ಹೊಸದಾಗಿ ತೆರೆದಾಗ ಊರಿನ ಜನರಿಗೆ ಹಳೆಯ ವೀರರ ನೆನಪಿದೆ, ಮುಖ ಮಾತ್ರ ನೆನಪಿಗೆ ಬರುವುದಿಲ್ಲ! ಸೋತ ಆಟಕ್ಕೂ ದುಡ್ಡು ಕೊಟ್ಟು ಆಡಿದವರಿಗೆ ಕಥೆಯೊಳಗೇ ಜಾಗ ಸಿಕ್ಕಿತು.

ಬಿಟ್ಟುಹೋಗಿ ಮರಳುವವರನ್ನು ಬರಹಗಾರರು ಮರೆತೇಬಿಡುತ್ತಾರೆ. ಬೆಂಗಳೂರಿನ ನಮ್ಮ ಆಟಗಾರರಲ್ಲಿ ಬಹಳಷ್ಟು ಮಂದಿ ಇಂಥವರು: ಸೆಮಿಸ್ಟರ್ ಪರೀಕ್ಷೆ, ರಾತ್ರಿ ಪಾಳಿ, ಪಿಜಿ ಬದಲಾಯಿಸಿ ವೈಫೈ ಇಲ್ಲದ ತಿಂಗಳು. ವಾಪಸ್ ಬಂದಾಗ ಅವರಿಗೆ ನಾವು ‘ಇಲ್ಲಿಯವರೆಗೆ’ ಎಂದು ಎರಡು ಪುಟ ಕಥಾಸಾರ ಕೊಡುತ್ತೇವೆ. ಯಾರೂ ಓದುವುದಿಲ್ಲ. ಧಾರಾವಾಹಿಯ ಒಂದು ವಾರ ತಪ್ಪಿದವರು ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದರೆ ಅಮ್ಮ ಕಥಾಸಾರ ಹೇಳುತ್ತಾಳೆಯೇ? ‘ಆ ಮನೆಹಾಳಿ ಮತ್ತೆ ಬಂದ್ಲು, ಇವ್ನು ನಂಬ್ಬಿಟ್ಟ’ ಎನ್ನುತ್ತಾಳೆ. ಎಲ್ಲವೂ ಅದರಲ್ಲೇ ಇದೆ, ಹೇಳುವವಳ ಪಕ್ಷಪಾತವೂ ಸೇರಿ. ಆದ್ದರಿಂದ ಕಥಾಸಾರವನ್ನು ತಕರಾರುಳ್ಳ ಒಂದು ಪಾತ್ರದ ಬಾಯಿಗೆ ಹಾಕಬೇಕು. ‘ಇಷ್ಟ್ ದಿನ ಎಲ್ಲ್ ಹಾಳಾಗೋಗಿದ್ದೆ? ನೀನಿಲ್ದೆ ಕೋಟೆ ಹೋಯ್ತು’ ಎಂದು ಬೈದರೆ ಓದುತ್ತಾರೆ.

ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರು ತಾವು ಕಟ್ಟಿದ ಲೋಕದ ಸಾವಿರ ವರ್ಷದ ಇತಿಹಾಸ, ರಾಜವಂಶಗಳ ಪಟ್ಟಿ, ನಕ್ಷೆ ಎಲ್ಲ ತರುತ್ತಾರೆ. ಶ್ರಮ ಕಾಣುತ್ತದೆ, ಕೆಲವಂತೂ ಸೊಗಸಾಗಿಯೇ ಇರುತ್ತವೆ. ನಾನು ಕೇಳುವುದು ಒಂದೇ ಪುಟ: ಊರಬಾಗಿಲ ಕಾವಲುಗಾರ ಅದೇ ಒಬ್ಬ ಆಟಗಾರನಿಗೆ ಆಡುವ ನಾಲ್ಕು ಮಾತು. ಮೊದಲ ಸಲ ಬಂದಾಗ, ಊರನ್ನು ಉಳಿಸಿದ ಮೇಲೆ, ಉಳಿಸಲಾಗದೆ ಸೋತ ಮೇಲೆ, ವರ್ಷ ಬಿಟ್ಟು ಮರಳಿದಾಗ. ಹೆಚ್ಚಿನವರು ಮೊದಲ ಎರಡನ್ನು ಅಲ್ಲೇ ಕೂತು ಬರೆದು ಕೊಡುತ್ತಾರೆ. ಮೂರನೆಯದಕ್ಕೆ ಬಂದಾಗ ‘ಮನೆಗ್ ಹೋಗಿ ಬರ್ದು ಕಳಿಸ್ಲಾ ಮೇಡಂ?’ ಎನ್ನುತ್ತಾರೆ. ಕಳಿಸಿ ಎನ್ನುತ್ತೇನೆ.