ಪೊಟ್ಟಣದ ಹಿಂಬದಿ

ಪೊಟ್ಟಣದ ಮುಂಬದಿಯಲ್ಲಿ ಕೆಂಪು, ನೀಲಿ, ಹಳದಿ ಹೂಗಳು ಒಂದರ ಮೇಲೊಂದು ಒರಗಿಕೊಂಡು ಅರಳಿದ್ದವು. ಮೇಲೆ ದಪ್ಪಕ್ಷರದಲ್ಲಿ ‘ಕಾಡುಹೂಗಳ ಮಿಶ್ರಣ’ ಎಂದಿತ್ತು. ಬಿತ್ತುವುದಕ್ಕೆ ಮುಂಚೆ ಯಾಕೋ ಕುತೂಹಲವಾಗಿ, ಅರ್ಧ ಪೊಟ್ಟಣವನ್ನು ಬಿಳಿ ಹಾಳೆಯ ಮೇಲೆ ಸುರುವಿ ಭೂತಗನ್ನಡಿ ಹಿಡಿದು ಕೂತೆ. ಮೊದಲು ಗುರುತು ಸಿಕ್ಕಿದ್ದು ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನ ಗಿಡದ ಬೀಜದ್ದು. ಬೂದು ಬಣ್ಣದ ನುಣುಪು ಮೈ, ಒಂದು ತುದಿಯಲ್ಲಿ ಕಂದು ಬಿರುಗೂದಲ ಕುಚ್ಚು. ಥೇಟು ಗೊಂಬೆಯ ಕ್ಷೌರಕ್ಕೆ ಮಾಡಿಟ್ಟ ಬ್ರಷ್ಷು. ಪಕ್ಕದಲ್ಲಿ ಧೂಳೆಂದು ಊದಿಬಿಡಬಹುದಾಗಿದ್ದ ಕಣಗಳು ಗಸಗಸೆಯ ಬಳಗದ ಪಾಪಿ (poppy) ಹೂವಿನ ಬೀಜಗಳು. ಗಾಜಿನಡಿಯಲ್ಲಿ ಅವಕ್ಕೆ ಮೂತ್ರಪಿಂಡದ ಆಕಾರ, ಮೈತುಂಬ ಜೇನುಗೂಡಿನಂಥ ಗುಳಿಗಳು. ಇನ್ನು ಐದು ಬಗೆಯ ಬೀಜಗಳ ಗುರುತು ಹತ್ತಲಿಲ್ಲ. ಉಳಿದದ್ದು ಹುಲ್ಲಿನ ಬೀಜ, ಮುರಿದ ಕಡ್ಡಿ, ಜೊಳ್ಳು, ಹೊಟ್ಟು. ಹಾಳೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಗುಡ್ಡೆ ಹೊಟ್ಟಿನದೇ ಆಗಿತ್ತು. ಪೊಟ್ಟಣವನ್ನು ತಿರುಗಿಸಿ ನೋಡಿದೆ. ತೂಕ ಇತ್ತು, ಬಿತ್ತುವ ತಿಂಗಳು ಇತ್ತು. ಒಂದೇ ಒಂದು ಗಿಡದ ಹೆಸರಿರಲಿಲ್ಲ.

ಇದೇ ಕುತೂಹಲವನ್ನು ಇನ್ನಷ್ಟು ಶಿಸ್ತಿನಿಂದ ಬೆನ್ನತ್ತಿದವರಿದ್ದಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ 19 ಪೊಟ್ಟಣ ಕಾಡುಹೂ ಮಿಶ್ರಣಗಳನ್ನು ಬಿತ್ತಿ, ಬೆಳೆಸಿ, ಬಂದದ್ದನ್ನು ಲೆಕ್ಕ ಹಾಕಿದರು. ಪ್ರತಿಯೊಂದು ಪೊಟ್ಟಣದಲ್ಲೂ 3ರಿಂದ 13 ಆಕ್ರಮಣಕಾರಿ ಪ್ರಭೇದಗಳಿದ್ದವು. ಎಂಟು ಪೊಟ್ಟಣಗಳಲ್ಲಿ ಅಮೆರಿಕ ಅಥವಾ ಕೆನಡಾದ ಯಾವುದಾದರೊಂದು ಭಾಗದಲ್ಲಿ ಉಪದ್ರವಕಾರಿ ಕಳೆ ಎನಿಸಿಕೊಂಡಿದ್ದ ಗಿಡಗಳೇ ಹುಟ್ಟಿದವು. ಮೂರನೇ ಒಂದು ಭಾಗದಷ್ಟು ಪೊಟ್ಟಣಗಳ ಮೇಲೆ ಒಳಗೇನಿದೆ ಎಂದು ಬರೆದೇ ಇರಲಿಲ್ಲ. ಅದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಬರೆದದ್ದೊಂದು, ಇದ್ದದ್ದೊಂದು. ಸದುದ್ದೇಶವಿದ್ದರೂ ಸಾಲದು ಎಂಬುದು 2016ರಲ್ಲಿ ಅಯೋವಾ ರಾಜ್ಯದವರಿಗೆ ಗೊತ್ತಾಯಿತು. ಸಂರಕ್ಷಣೆಗೆಂದೇ ಹೂಗಿಡ ಬಿತ್ತಿದ ಜಮೀನುಗಳಲ್ಲಿ ದಂಟಿನ ಕುಲಕ್ಕೆ ಸೇರಿದ ಪಾಮರ್ ಅಮರಾಂತ್ ಎಂಬ ಹಟಮಾರಿ ಕಳೆ ತಲೆಯೆತ್ತಿತ್ತು. ಬಂದದ್ದು ಬೀಜದ ಮಿಶ್ರಣದೊಂದಿಗೇ.

‘ಕಾಡುಹೂ’ ಎಂಬ ಮಾತಿಗೆ ಸಸ್ಯಶಾಸ್ತ್ರದಲ್ಲಿ ಖಚಿತ ಅರ್ಥವಿಲ್ಲ. ಎಲ್ಲೋ ಒಂದು ಕಡೆ ಕಾಡಿನಲ್ಲಿ ಬೆಳೆದಿದ್ದರೆ ಸಾಕು, ಯಾವ ಹೂವನ್ನೂ ಹಾಗೆ ಕರೆದು ಮಾರಬಹುದು. ‘ಸ್ಥಳೀಯ’ ಎಂಬ ಮಾತಿಗಾದರೆ ಎಲ್ಲಿಯದು ಎಂಬ ಪ್ರಶ್ನೆ ಅಂಟಿಕೊಂಡೇ ಬರುತ್ತದೆ. ನಾನು ಹಾಳೆಯ ಮೇಲೆ ಕಂಡ ಕಾರ್ನ್‌ಫ್ಲವರ್ ಯುರೋಪಿನ ಗೋಧಿ ಹೊಲಗಳ ಹಳೆಯ ಒಡನಾಡಿ. ಕಳೆನಾಶಕ ಮತ್ತು ಬೀಜ ಸೋಸುವ ಯಂತ್ರಗಳ ಕಾಲದಲ್ಲಿ ಅಲ್ಲಿ ಅಪರೂಪವಾಗಿ, ಜನ ಅದಕ್ಕಾಗಿ ಮರುಗುತ್ತಾರೆ. ಉತ್ತರ ಅಮೆರಿಕದ ಕೆಲವು ಹುಲ್ಲುಗಾವಲುಗಳಲ್ಲಿ ಅದೇ ಗಿಡವನ್ನು ಕಿತ್ತೆಸೆಯುತ್ತಾರೆ. ಕ್ಯಾಲಿಫೋರ್ನಿಯಾ ಪಾಪಿ ತನ್ನ ನೆಲದಲ್ಲಿ ರಾಜ್ಯಪುಷ್ಪ, ಚಿಲಿಯಲ್ಲಿ ಒಳನುಗ್ಗಿದ ಪರಕೀಯ. ಹಿಮಾಲಯದ ಒಂದು ಗೌರಿಹೂವಿನ ಪ್ರಭೇದವನ್ನು 1839ರಲ್ಲಿ ಚಂದಕ್ಕೆಂದು ಬ್ರಿಟನ್ನಿಗೆ ಒಯ್ದರು. ಅದರ ಕಾಯಿ ಮುಟ್ಟಿದರೆ ಸಿಡಿದು ಬೀಜವನ್ನು ಮೀಟರುಗಟ್ಟಲೆ ಎರಚುತ್ತದೆ. ಈಗ ಅಲ್ಲಿನ ಹೊಳೆದಂಡೆಗಳಿಂದ ಅದನ್ನು ಕೀಳುವುದೇ ಒಂದು ಕೆಲಸ. ಹಾಗಾಗಿ ಪೊಟ್ಟಣದ ಮೇಲೆ ‘ಸ್ಥಳೀಯ’ ಎಂದಷ್ಟೇ ಇದ್ದರೆ ಏನನ್ನೂ ಹೇಳಿದಂತಾಗಲಿಲ್ಲ. ಪ್ರದೇಶದ ಹೆಸರು ಬೇಕು, ಪ್ರತಿಯೊಂದು ಗಿಡದ ವೈಜ್ಞಾನಿಕ ಹೆಸರು ಬೇಕು. ಆಡುಮಾತಿನ ಹೆಸರು ಸಾಲದು. ‘ಡೇಸಿ’ ಎಂಬ ಒಂದೇ ಹೆಸರನ್ನು ಹತ್ತಾರು ಗಿಡಗಳು ಹಂಚಿಕೊಂಡಿವೆ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೆ, ಹೂವೆಂದರೆ ಹೂವು, ದುಂಬಿಗೆ ಮಕರಂದ ಸಿಕ್ಕರಾಯಿತು ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಜೇನುನೊಣದಂಥ ಕೀಟಗಳು ಪರದೇಶದ ಹೂವಿಗೂ ಸಂತೋಷವಾಗಿಯೇ ಹೋಗುತ್ತವೆ. ತಕರಾರಿರುವುದು ಮರಿಗಳದ್ದು. ಎಲೆ ತಿನ್ನುವ ಕಂಬಳಿಹುಳುಗಳಲ್ಲಿ ಬಹಳಷ್ಟು ಕೆಲವೇ ಗಿಡಗಳಿಗೆ ಕಟ್ಟುಬಿದ್ದಿರುತ್ತವೆ, ಏಕೆಂದರೆ ಪ್ರತಿ ಗಿಡವೂ ತನ್ನ ಎಲೆಯಲ್ಲಿ ತನ್ನದೇ ವಿಷವನ್ನು ಇಟ್ಟುಕೊಂಡಿರುತ್ತದೆ ಮತ್ತು ಆ ವಿಷವನ್ನು ಅರಗಿಸಿಕೊಳ್ಳುವ ವಿದ್ಯೆ ಪೀಳಿಗೆಗಟ್ಟಲೆ ಜೊತೆಗೆ ಬಾಳಿದ ಕೀಟಕ್ಕಷ್ಟೇ ಸಿದ್ಧಿಸಿರುತ್ತದೆ. ಮೊನಾರ್ಕ್ ಚಿಟ್ಟೆಯ ಮರಿ ಬೆಳೆಯುವುದು ಎಕ್ಕದ ಕುಟುಂಬಕ್ಕೆ ಸೇರಿದ, ಚಿವುಟಿದರೆ ಹಾಲು ಒಸರುವ ಮಿಲ್ಕ್‌ವೀಡ್ ಗಿಡಗಳ ಮೇಲೆ. ಇಲ್ಲಿಯೂ ಒಂದು ಸಿಕ್ಕು ಇದೆ. ಅಮೆರಿಕದ ದಕ್ಷಿಣ ಭಾಗದ ತೋಟಗಳಲ್ಲಿ ಜನ ಚಿಟ್ಟೆಯ ಮೇಲಿನ ಪ್ರೀತಿಯಿಂದಲೇ ಉಷ್ಣವಲಯದ ಮಿಲ್ಕ್‌ವೀಡ್ ನೆಟ್ಟರು. ಅಲ್ಲಿನ ಮಿಲ್ಕ್‌ವೀಡ್‌ಗಳು ಚಳಿಗಾಲದಲ್ಲಿ ಒಣಗಿ ಮಾಯವಾಗುತ್ತವೆ, ಇದು ಹಸಿರಾಗಿಯೇ ಉಳಿಯುತ್ತದೆ. ಚಿಟ್ಟೆಯ ಮೈಮೇಲಿನ ಒಂದು ಸೂಕ್ಷ್ಮ ಪರಾವಲಂಬಿಯ ಬೀಜಾಣುಗಳು ಎಲೆಯ ಮೇಲೆ ಉದುರಿ, ವರ್ಷವಿಡೀ ಉಳಿದ ಗಿಡದಲ್ಲಿ ಕೂಡಿಕೊಳ್ಳುತ್ತಾ ಹೋಗಿ, ಎಲೆ ಮೇಯುವ ಮರಿಗಳಿಗೆ ಸೇರುತ್ತವೆ. ಕುಲ ಸರಿಯಾಗಿತ್ತು, ಪ್ರಭೇದ ತಪ್ಪಿತ್ತು.

ಪ್ರಭೇದವೂ ಸರಿಯಾಗಿದ್ದು ಬೀಜದ ತವರು ತಪ್ಪಬಹುದು. ಕಳೆದ ಶತಮಾನದ ಮೊದಲರ್ಧದಲ್ಲಿ ಕ್ಲಾಸೆನ್, ಕೆಕ್ ಮತ್ತು ಹೈಸಿ ಎಂಬ ಮೂವರು ಕ್ಯಾಲಿಫೋರ್ನಿಯಾದ ಬೇರೆ ಬೇರೆ ಎತ್ತರಗಳಿಂದ ಯಾರೋ ಎಂಬ ಬಿಳಿ ಹೂವಿನ ಗಿಡವನ್ನು ತಂದು (ಹೆಸರೇ ‘ಯಾರೋ’, ನಾನು ಮರೆತದ್ದಲ್ಲ), ಸಮುದ್ರಮಟ್ಟದ ಹತ್ತಿರ ಒಂದು, ಸುಮಾರು 1,400 ಮೀಟರಿನಲ್ಲಿ ಒಂದು, 3,000 ಮೀಟರಿನ ಆಸುಪಾಸಿನಲ್ಲಿ ಒಂದು, ಹೀಗೆ ಮೂರು ತೋಟಗಳಲ್ಲಿ ಬೆಳೆಸಿದರು. ಬೆಟ್ಟದ ಮೇಲಿನ ಗಿಡ ತಗ್ಗಿಗೆ ಬಂದರೂ ಗಿಡ್ಡವಾಗಿಯೇ ಉಳಿಯಿತು. ತಗ್ಗಿನ ಗಿಡ ಮೇಲಿನ ಚಳಿಗೆ ತತ್ತರಿಸಿತು. ಒಂದೇ ಪ್ರಭೇದ, ಒಂದೇ ಹೆಸರು. ಆದರೆ ಯಾವಾಗ ಹೂ ಬಿಡಬೇಕು, ಎಷ್ಟೆತ್ತರ ಬೆಳೆಯಬೇಕು ಎಂಬುದು ಊರೂರಿಗೆ ಬೇರೆಯಾಗಿ ರಕ್ತದಲ್ಲೇ ಬರೆದಿತ್ತು. ಒಳ್ಳೆಯ ಬೀಜ ಮಾರಾಟಗಾರರು ಯಾವ ಸೀಮೆಯಲ್ಲಿ ಸಂಗ್ರಹಿಸಿದ್ದು ಎಂದು ನಮೂದಿಸುತ್ತಾರೆ. ನಮೂದಿಸದವರನ್ನು ಕೇಳಬೇಕು. ಕೇಳಿದಾಗ ಮುಖ ಗಂಟಿಕ್ಕಿದರೆ ಬೇರೆ ಅಂಗಡಿ ನೋಡುವುದು ಮೇಲು.

ಇನ್ನು ಲೆಕ್ಕ. ಮಿಶ್ರಣದ ಪಟ್ಟಿಯಲ್ಲಿ ಸಾಮಾನ್ಯವಾಗಿ ಶೇಕಡಾವಾರು ಕೊಟ್ಟಿರುತ್ತಾರೆ, ಅದು ತೂಕದ ಶೇಕಡಾ. ಇಲ್ಲಿ ಎಡವುವವರೇ ಹೆಚ್ಚು. ಒಂದು ಗ್ರಾಂ ಪಾಪಿ ಬೀಜದಲ್ಲಿ ಸುಮಾರು 10,000 ಕಾಳುಗಳಿದ್ದರೆ, ಒಂದು ಗ್ರಾಂ ಕಾರ್ನ್‌ಫ್ಲವರಿನಲ್ಲಿ ಇರುವುದು ಇನ್ನೂರು ಚಿಲ್ಲರೆ. ನೂರು ಗ್ರಾಂ ಮಿಶ್ರಣದಲ್ಲಿ ಕಾರ್ನ್‌ಫ್ಲವರ್ 40 ಗ್ರಾಂ, ಪಾಪಿ ಒಂದೇ ಗ್ರಾಂ ಇದ್ದರೂ ಕಾಳುಗಳ ಎಣಿಕೆಯಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮ. ಪಟ್ಟಿಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಇರುವ ಹೆಸರೇ ನಾಳೆ ಮಡಿಯನ್ನು ಆಳಬಹುದು. ತೂಕದಲ್ಲಿ ಇನ್ನೊಂದು ಮೋಸವೂ ಅಡಗಿರುತ್ತದೆ. ಚೀಲದಲ್ಲಿರುವುದರ ಪೈಕಿ ನಿಜವಾದ ಬೀಜ ಶೇ 80, ಅದರಲ್ಲಿ ಜೀವವಿರುವುದು ಶೇ 60 ಎಂದಾದರೆ, ನಮ್ಮ ಕೈಗೆ ಸಿಕ್ಕದ್ದು ಶೇ 48. ವ್ಯವಹಾರದಲ್ಲಿ ಇದಕ್ಕೆ ಶುದ್ಧ ಜೀವಂತ ಬೀಜದ ಪ್ರಮಾಣ ಎನ್ನುತ್ತಾರೆ. ಅಗ್ಗದ ಚೀಲ ನಿಜಕ್ಕೂ ಅಗ್ಗವೇ ಎಂದು ತಿಳಿಯಲು ಈ ಒಂದು ಗುಣಾಕಾರ ಸಾಕು.

ಒಂದೇ ವರ್ಷ ಬದುಕುವ ಏಕವಾರ್ಷಿಕಗಳು ಎಷ್ಟು, ಬಹುವಾರ್ಷಿಕಗಳು ಎಷ್ಟು ಎಂಬುದನ್ನೂ ನೋಡಿಕೊಳ್ಳಬೇಕು. ಮೊದಲ ವರ್ಷವೇ ಮಡಿ ಬಣ್ಣದ ಸಂತೆಯಾದರೆ ಅದು ಏಕವಾರ್ಷಿಕಗಳ ಕೈಚಳಕ. ಅವಕ್ಕೆ ಪ್ರತಿ ವರ್ಷ ಕೆದಕಿದ ಬರಿನೆಲ ಬೇಕು. ಕೆದಕದಿದ್ದರೆ ಎರಡನೆಯ ವರ್ಷ ಕಾಣೆ. ಬಹುವಾರ್ಷಿಕಗಳು ಮೊದಲ ವರ್ಷವಿಡೀ ಬೇರು ಇಳಿಸುವುದರಲ್ಲೇ ಮಗ್ನವಾಗಿ, ನೆಲಕ್ಕೆ ಅಂಟಿದ ನಾಲ್ಕು ಎಲೆ ಬಿಟ್ಟರೆ ಏನನ್ನೂ ತೋರಿಸುವುದಿಲ್ಲ. ಅವಸರದವರು ಅದನ್ನೇ ಕಳೆಯೆಂದು ಕಿತ್ತು ಬಿಸಾಡುತ್ತಾರೆ. ನಾನೂ ಬಿಸಾಡಿದ್ದೇನೆ.

ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೇನೆ. ಮೊದಲ ಸಲ ಬಿತ್ತುವಾಗ, ಒಳ್ಳೆಯದಾಗಲಿ ಎಂದು ಮಡಿಗೆ ಧಾರಾಳವಾಗಿ ಗೊಬ್ಬರ ಹಾಕಿದೆ. ಹುಲ್ಲು ಮೊಣಕಾಲಿನವರೆಗೆ ಬಂತು, ಹೂಗಿಡಗಳು ಅದರ ಬುಡದಲ್ಲಿ ಬೆಳಕು ಕಾಣದೆ ಕೊಳೆತವು. ಇದಕ್ಕೆ ಕಾರಣ ಹುಡುಕುತ್ತಾ ಹೋದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ಗೆ ಬಂದು ನಿಲ್ಲಲೇಬೇಕು. ಅಲ್ಲಿ 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು, ಯಾವ ಗೊಬ್ಬರಕ್ಕೆ ಒಣಹುಲ್ಲು ಹೆಚ್ಚು ಬರುತ್ತದೆ ಎಂದು ತಿಳಿಯಲು ಒಂದು ಹುಲ್ಲುಗಾವಲನ್ನು ತುಂಡುತುಂಡಾಗಿ ವಿಂಗಡಿಸಿದರು. ಆ ಪ್ರಯೋಗ ಇಂದಿಗೂ ನಡೆಯುತ್ತಿದೆ. ಏನೂ ಹಾಕದ ತುಂಡುಗಳಲ್ಲಿ ಈಗಲೂ ಮೂವತ್ತಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ. ಅಮೋನಿಯಂ ಗೊಬ್ಬರ ಸುರಿದು ಮಣ್ಣು ಹುಳಿಯಾದ ಕೆಲವು ತುಂಡುಗಳಲ್ಲಿ ಉಳಿದಿರುವುದು ಎರಡೋ ಮೂರೋ. ಊಟ ಯಥೇಚ್ಛವಾದಾಗ ಬೇಗ ಬೆಳೆಯುವ ಹುಲ್ಲು ಮೇಲೆದ್ದು ನೆರಳು ಚೆಲ್ಲಿ ಉಳಿದವನ್ನು ಮುಗಿಸುತ್ತದೆ. ಊಟ ಕಡಿಮೆಯಿದ್ದಲ್ಲಿ ಯಾರೂ ಯಾರನ್ನೂ ತುಳಿಯುವಷ್ಟು ಕೊಬ್ಬುವುದಿಲ್ಲ. ಹಾಗಾಗಿ ಬಡ ಮಣ್ಣಿಗೆ ಹೇಳಿದ ಮಿಶ್ರಣವನ್ನು ಬಡ ಮಣ್ಣಿಗೇ ಹಾಕಬೇಕು. ಮಣ್ಣು ಕೊಬ್ಬಿದ್ದರೆ ಮೇಲ್ಪದರವನ್ನು ಕೆರೆದು ತೆಗೆಯುವವರೂ ಇದ್ದಾರೆ. ಯುರೋಪಿನ ತೋಟಗಾರರ ಬಳಿ ಇನ್ನೊಂದು ಉಪಾಯವಿದೆ: ಯೆಲ್ಲೋ ರ‍್ಯಾಟಲ್ ಎಂಬ ಅರೆ ಪರಾವಲಂಬಿ ಗಿಡ. ಒಣಗಿದ ಕಾಯಿಯೊಳಗೆ ಬೀಜ ಗಿಲಕಿಯಂತೆ ಸದ್ದು ಮಾಡುವುದರಿಂದ ಆ ಹೆಸರು. ಅದರ ಬೇರು ಹುಲ್ಲಿನ ಬೇರಿಗೆ ಬಾಯಿ ಹಾಕಿ ಹೀರಿ ಹುಲ್ಲಿನ ಸೊಕ್ಕಿಳಿಸುತ್ತದೆ, ಉಳಿದ ಹೂಗಳಿಗೆ ಜಾಗ ಬಿಡಿಸುತ್ತದೆ. ಆದರೆ ಅದರ ಬೀಜ ಬೇಗ ಸಾಯುತ್ತದೆ. ಹಿಂದಿನ ವರ್ಷದ ದಾಸ್ತಾನು ಕೊಂಡರೆ ದುಡ್ಡು ದಂಡ.

ಪೊಟ್ಟಣದೊಳಗೆ ಏನೇ ಇರಲಿ, ಮಡಿಯ ಮಣ್ಣು ತನ್ನದೊಂದು ಮಿಶ್ರಣವನ್ನು ಮೊದಲೇ ಇಟ್ಟುಕೊಂಡಿರುತ್ತದೆ. ಡಾರ್ವಿನ್ ಒಮ್ಮೆ ಸಣ್ಣ ಕೊಳವೊಂದರ ಅಂಚಿನಿಂದ ಮೂರು ಚಮಚದಷ್ಟು ಕೆಸರು ತಂದು ಆರು ತಿಂಗಳು ಮುಚ್ಚಿಟ್ಟು, ಮೊಳೆತದ್ದನ್ನೆಲ್ಲ ಕಿತ್ತು ಎಣಿಸಿದ. 537 ಸಸಿಗಳು. ಅಮೆರಿಕದ ಮಿಶಿಗನ್ನಿನಲ್ಲಿ ವಿಲಿಯಂ ಬೀಲ್ 1879ರಲ್ಲಿ ಬೀಜ ಬೆರೆಸಿದ ಮರಳನ್ನು 20 ಬಾಟಲಿಗಳಲ್ಲಿ ಹೂತಿಟ್ಟ. 2021ರಲ್ಲಿ ಅಗೆದು ತೆಗೆದ ಬಾಟಲಿಯಲ್ಲಿಯೂ 20 ಬೀಜಗಳು ಮೊಳೆತವು. ಅಗೆದು ಹದ ಮಾಡಿದ ಮಡಿಯಲ್ಲಿ ಬೆಳಕು ಕಂಡ ಕಳೆಯ ಬೀಜಗಳು ಎದ್ದೇ ಏಳುತ್ತವೆ. ಏಳಲಿ ಬಿಡಿ. ನೀರು ಹಾಯಿಸಿ, ಎರಡು ಮೂರು ವಾರ ಕಾದು, ಹುಟ್ಟಿದ್ದನ್ನು ಮೇಲುಮೇಲೆ ಕೆರೆದು ಹಾಕಿ, ಇನ್ನೊಂದು ಸಲ ಹೀಗೆಯೇ ಮಾಡಿ, ಆಮೇಲೆ ಬಿತ್ತಿದರೆ ಅರ್ಧ ಯುದ್ಧ ಗೆದ್ದಂತೆ. ಎರಡನೆಯ ಸಲ ಆಳವಾಗಿ ಅಗೆಯಬಾರದು, ಕೆಳಗೆ ಮಲಗಿರುವವರು ಮತ್ತೆ ಮೇಲೆ ಬರುತ್ತಾರೆ.

ಬಿತ್ತುವ ಕೆಲಸ ಸಣ್ಣದು. ಧೂಳಿನಂಥ ಬೀಜವನ್ನು ನಾಲ್ಕೈದು ಪಟ್ಟು ಒಣಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ಚೆಲ್ಲಿ, ಹಲಗೆಯಿಂದ ಒತ್ತಿದರಾಯಿತು. ಮಣ್ಣು ಮುಚ್ಚಬಾರದು, ಸಣ್ಣ ಬೀಜಗಳಲ್ಲಿ ಹಲವಕ್ಕೆ ಮೊಳೆಯಲು ಬೆಳಕು ಬೇಕು. ಕೆಲವಕ್ಕೆ ವಾರಗಟ್ಟಲೆ ತಣ್ಣನೆಯ ತೇವ ತಾಗದೆ ಎಚ್ಚರವಾಗುವುದಿಲ್ಲ. ಕೆಲವದರ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಉಪ್ಪುಕಾಗದದಲ್ಲಿ ಉಜ್ಜದೆ ನೀರು ಒಳಗಿಳಿಯುವುದಿಲ್ಲ. ಎಲ್ಲ ಬೀಜವೂ ಒಂದೇ ಸಲ ಮೊಳೆತರೆ ಒಂದು ಬರಗಾಲಕ್ಕೆ ವಂಶವೇ ಹೋದೀತು. ಕಾಡುಗಿಡಗಳು ಆ ಜೂಜಾಡುವುದಿಲ್ಲ, ಕಂತಿನಲ್ಲಿ ಮೊಳೆಯುತ್ತವೆ. ಒದ್ದೆ ಬಟ್ಟೆಯ ಮೇಲೆ ಇಪ್ಪತ್ತು ಕಾಳು ಇಟ್ಟು ಪರೀಕ್ಷಿಸಿದಾಗ ನಾಲ್ಕೇ ಮೊಳೆತರೆ ಉಳಿದ ಹದಿನಾರೂ ಸತ್ತಿವೆ ಎಂದು ತೀರ್ಮಾನಿಸಲಾಗದು.

ಅಂದು ಗುರುತು ಸಿಗದ ಆ ಐದು ಬಗೆಯ ಬೀಜಗಳನ್ನು ಐದು ಕುಂಡಗಳಲ್ಲಿ ಹಾಕಿ ನಂಬರ್ ಬರೆದಿಟ್ಟೆ. ಒಂದು ಕಾಸ್ಮಾಸ್ ಆಯಿತು, ಇನ್ನೊಂದು ಕ್ಯಾಲಿಫೋರ್ನಿಯಾ ಪಾಪಿ. ಎರಡರಲ್ಲಿ ಬರೀ ಹುಲ್ಲು. ಐದನೆಯ ಕುಂಡದಲ್ಲಿ ಎರಡು ವರ್ಷ ಏನೂ ಕಾಣಿಸಲಿಲ್ಲ. ಮಣ್ಣನ್ನು ಚೆಲ್ಲಿ ಕುಂಡವನ್ನು ಬೇರೆಯದಕ್ಕೆ ಬಳಸೋಣವೆಂದು ಎತ್ತಿಕೊಂಡ ದಿನ, ಅಂಚಿನ ಹತ್ತಿರ ಒಂದು ಜೋಡಿ ಎಲೆ ಎದ್ದಿತ್ತು. ಯಾವ ಗಿಡದ್ದೋ ಇನ್ನೂ ತಿಳಿದಿಲ್ಲ. ಮೂರನೆಯ ಎಲೆ ಬರಲಿ ಎಂದು ಕಾಯುತ್ತಿದ್ದೇನೆ.